ಕಾಲಿನದೋ, ಕಮಾನಿನದೋ

ಜನವರಿ 14

ಭಾವನವರಿಗೆ,

ಇಲ್ಲಿ ಎಲ್ಲರೂ ಕ್ಷೇಮ, ಕಾರೊಂದನ್ನು ಬಿಟ್ಟು.

ಅಕ್ಕ ಬಂದು ತಿಂಗಳಾಗುತ್ತ ಬಂತು. ಹೊಲಿಗೆ ಅಂಗಡಿಯ ಮೇಲಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇನೆ. ಅಲ್ಲಿದ್ದ ಬಟ್ಟೆಯ ಥಾನುಗಳನ್ನೆಲ್ಲ ಕೆಳಗೆ ಒಟ್ಟಿರುವುದರಿಂದ ಗಿರಾಕಿಗಳು ಒಂಟಿಕಾಲಲ್ಲಿ ನಿಂತು ಅಳತೆ ಕೊಡಬೇಕಾಗಿದೆ. ಬಂದ ಮರುವಾರವೇ ಪಾರ್ಸೆಲ್ ಕಂಪನಿಯೊಂದರಲ್ಲಿ ವ್ಯಾನ್ ಓಡಿಸುವ ಕೆಲಸ ಹಿಡಿದಳು. ನೀವಿಬ್ಬರೂ ಎಂಟು ವರ್ಷ ಸೇರಿ ಕಟ್ಟಿದ ಹಸಿರು ಕಾರು ನನ್ನ ಅಂಗಡಿಯ ಎದುರೇ ನಿಂತಿದೆ. ಹೊಲಿಗೆ ಬಿಟ್ಟು ಗ್ಯಾರೇಜ್ ತೆರೆದೆನೋ ಎಂದು ಬೀದಿಯವರು ಕೇಳುತ್ತಾರೆ.

ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವುದರೊಳಗೆ ನೀವು ನಾಲ್ಕು ಹೇಳಿರುತ್ತೀರಿ. ಕಾಗದವಾದರೆ ನೀವು ನಡುವೆ ಬಾಯಿ ಹಾಕಲಾಗುವುದಿಲ್ಲ, ಅಲ್ಲವೇ?

ವಿಷಯ ಇಷ್ಟು. ಕಳೆದ ಭಾನುವಾರ ಕಾರು ಕ್ಲಬ್ಬಿನವರ ಓಟವಿತ್ತು, ಅದೇ ಹಳೆಯ ರನ್‌ವೇಯಲ್ಲಿ. ಅಕ್ಕ ಹೋದಳು, ಜೊತೆಗೆ ನಾನೂ ಹೋದೆ. ಹಸಿರು ದೀಪ ಹತ್ತಿ ಅವಳು ಕ್ಲಚ್ ಬಿಟ್ಟ ಕೂಡಲೇ ಕಾರಿನ ಹಿಂಭಾಗ ದಡದಡ ಕುಣಿಯತೊಡಗಿತು. ಪಕ್ಕದ ಕಾರು ಅರ್ಧ ದಾರಿ ಹೋದರೂ ನಮ್ಮದು ನಿಂತಲ್ಲೇ ಎಗರುತ್ತಿತ್ತು. ಡಿಸೆಂಬರಿನಲ್ಲಿ ನಿಮ್ಮ ಮಾತು ಕೇಳಿದ್ದವರೆಲ್ಲ ಅಲ್ಲೇ ಇದ್ದರು. ಟೈರ್ ಅಂಗಡಿಯವನು ನೆಲ ನೋಡಿದ. ಓಟದ ಸಮಯ ಹಿಡಿಯುವ ಗಡಿಯಾರದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಆ ಮಾತನ್ನು ನೆನಪಿಸುವುದು ನನಗೇನೂ ಇಷ್ಟವಲ್ಲ. ಅಂದೂ ಕಾರು ಹೀಗೆಯೇ ಕುಣಿದು ಸೋತಿತ್ತು. ಅಕ್ಕ ಇಳಿದು ಬಂದು, ತಪ್ಪು ನೀವು ಕಟ್ಟಿದ ಕಮಾನಿನದು ಎಂದಳು. ನೀವು ಅಷ್ಟು ಜನರೆದುರು ನಗುತ್ತಾ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಎಂದಿರಿ. ಎಲ್ಲರೂ ನಕ್ಕರು. ಅವಳು ಅಲ್ಲಿಂದಲೇ ಕಾರನ್ನು ನೇರ ನನ್ನ ಬಾಗಿಲಿಗೆ ಓಡಿಸಿಕೊಂಡು ಬಂದಳು.

ಮೇ ತಿಂಗಳಲ್ಲಿ ವರ್ಷದ ದೊಡ್ಡ ಓಟ. ಹೊಸ ಸಾಮಾನು ಹಾಕಿಸುವಷ್ಟು ಸಂಬಳ ಅವಳಿಗಿಲ್ಲ. ನನ್ನ ಹತ್ತಿರ ಕೇಳುವವಳೂ ಅಲ್ಲ. ಇರುವುದರಲ್ಲೇ ಆ ಕುಣಿತ ನಿಲ್ಲಿಸಲು ದಾರಿಯಿದ್ದರೆ ಬರೆಯಿರಿ.

ಸ್ಪ್ಯಾನರನ್ನು ಯಾವ ಕಡೆ ಹಿಡಿಯಬೇಕೆಂದೂ ತಿಳಿಯದ
ನಿಮ್ಮ ಭಾಮೈದ

*

ಜನವರಿ 23

ಭಾಮೈದನಿಗೆ,

ಕಾಗದ ತಲುಪಿತು. ತಪ್ಪು ಕಾಲಿನದು. ಕ್ಲಚ್ ಬಿಡುವ ಅವಳ ಕಾಲಿನದು. ಅದನ್ನು ಆಮೇಲೆ ನೋಡೋಣ.

ಮೊದಲು ಕುಣಿತ ಅಂದರೇನು ಅಂತ ತಿಳಿದುಕೋ. ಕಾರಿನ ಹಿಂದೆ ಎರಡೂ ಕಡೆ ಒಂದೊಂದು ಕಮಾನು ಇದೆ. ಕಮಾನು ಅಂದರೆ ಉಕ್ಕಿನ ಉದ್ದ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ್ದು. ಚಕ್ರದ ಆಕ್ಸಲ್ ಅದರ ನಡುವೆ ಕೂತಿದೆ. ಕ್ಲಚ್ ಬಿಟ್ಟಾಗ ಎಂಜಿನ್ನಿನ ಬಲಕ್ಕೆ ಆಕ್ಸಲ್ ತಿರುಚಿಕೊಳ್ಳುತ್ತದೆ, ಕಮಾನು ಹಾವಿನ ಹಾಗೆ ಡೊಂಕಾಗುತ್ತದೆ. ತಡೆಯಲಾರದೆ ವಾಪಸ್ ಚಿಮ್ಮುತ್ತದೆ. ಚಕ್ರ ನೆಲ ಬಿಡುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ತಿರುಚುತ್ತದೆ. ನೀನು ಕೇಳಿದ ದಡದಡ ಇದೇ.

ದುಡ್ಡಿಲ್ಲದವರ ಔಷಧಿ ಹೀಗಿದೆ. ಆಕ್ಸಲನ್ನು ಕಮಾನಿಗೆ ಬಿಗಿದಿರುವ ಯು-ಬೋಲ್ಟುಗಳನ್ನು ನೋಡು, ಸಡಿಲವಿದ್ದರೆ ಬಿಗಿ ಮಾಡು. ಕಮಾನಿನ ಮುಂದಿನ ತುದಿಯ ರಬ್ಬರ್ ಬುಷ್ ಸವೆದಿದ್ದರೆ ಬದಲಿಸು, ಅದಕ್ಕೆ ಒಂದು ಟೀಗಿಂತ ಹೆಚ್ಚೇನೂ ಖರ್ಚಾಗುವುದಿಲ್ಲ. ಆಮೇಲೆ ಆಕ್ಸಲಿನಿಂದ ಮುಂದಿನ ಅರ್ಧಕ್ಕೆ ಮಾತ್ರ ಎರಡು ಕಬ್ಬಿಣದ ಪಟ್ಟಿ ಸುತ್ತಿ ಬಿಗಿ, ಆ ಭಾಗದ ಪ್ಲೇಟುಗಳೆಲ್ಲ ಒಂದೇ ಮೈಯಾಗಲಿ. ಹಿಂದಿನ ಅರ್ಧ ಮುಟ್ಟಬೇಡ. ಅದನ್ನೂ ಬಿಗಿದರೆ ಎತ್ತಿನ ಗಾಡಿಯಾಗುತ್ತದೆ.

ಕಾರನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಬೇಡ. ಸ್ಟ್ಯಾಂಡ್ ಇಡು. ನಿನ್ನ ಹೆಂಡತಿ ಮಕ್ಕಳಿಗೆ ಉತ್ತರ ಕೊಡುವ ಶಕ್ತಿ ನನಗಿಲ್ಲ.

ನಾನು ಹೇಳಿದೆನೆಂದು ಅವಳಿಗೆ ಹೇಳಬೇಡ.

ಭಾವ

*

ಫೆಬ್ರವರಿ 10

ಭಾವನವರಿಗೆ,

ಗುಟ್ಟು ಅರ್ಧ ಗಂಟೆಯೂ ಉಳಿಯಲಿಲ್ಲ.

ನಾನು ಬಹಳ ಸಹಜವಾಗಿ, "ಅಕ್ಕ, ಆ ಯು-ಬೋಲ್ಟ್ ಒಂದ್ಸಲ ನೋಡೋಣ್ವಾ?" ಎಂದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. "ಲೋ, ಇಷ್ಟು ದಿನ ಅದನ್ನ ಕಬ್ಬಿಣದ ಬಳೆ ಅಂತಿದ್ದೆ. ಹೆಸರು ಯಾರು ಹೇಳ್ಕೊಟ್ರು?" ಎಂದಳು. ನಾನು ತಲೆ ಕೆರೆದುಕೊಂಡೆ. "ಕಾಗದ ಕೊಡು" ಎಂದು ಕೈ ಚಾಚಿದಳು. ಎರಡು ಸಲ ಓದಿದಳು. "ತಪ್ಪು ಕಾಲಿನದು" ಎನ್ನುವಲ್ಲಿ ಅವಳ ಮೂಗಿನ ತುದಿ ಕೆಂಪಾಯಿತು. ಆದರೂ ಉಳಿದದ್ದನ್ನೆಲ್ಲ ನೀವು ಬರೆದಂತೆಯೇ ಮಾಡಿದಳು, ಅಕ್ಷರವೂ ತಪ್ಪದೆ. ನಾನು ಕೆಳಗೆ ಮಲಗಿ ಪಟ್ಟಿ ಹಿಡಿದುಕೊಂಡೆ. ಗಿರಾಕಿಯೊಬ್ಬರ ಪ್ಯಾಂಟನ್ನು ತಪ್ಪಿ ಹಾಕಿಕೊಂಡು ಮಲಗಿದ್ದೆನೆಂಬುದು ಎದ್ದ ಮೇಲೆ ತಿಳಿಯಿತು. ಅದು ಬೇರೆ ಕಥೆ.

ಅವಳು ನಿಮಗೆ ಒಂದು ಮಾತು ಬರೆಯಲು ಹೇಳಿದ್ದಾಳೆ. ಅವಳು ಹೇಳಿದಂತೆಯೇ ಬರೆಯುತ್ತೇನೆ:

"ಕಾಲಿನದೋ ಕಮಾನಿನದೋ ಅಂತ ಅವ್ರೇ ನೋಡ್ಲಿ. ಕಮಾನಿಂದು ಅಂತಾದ್ರೆ, ಯಾರೆದುರು ನಕ್ಕಿದ್ರೋ ಅವರೆದುರೇ ಹೇಳ್ಲಿ. ಅವತ್ತೇ ಕಾರು ಮನೆ ಕಡೆ ತಿರುಗಿಸ್ತೀನಿ. ಕಾಲಿಂದೇ ಅಂತಾದ್ರೆ ನಾನು ಈ ಊರಲ್ಲೇ ವ್ಯಾನ್ ಓಡಿಸ್ಕೊಂಡಿರ್ತೀನಿ. ಕಾಲು ಸರಿಯಿಲ್ಲದವಳು ಅವರ ಕಾರಿಗೆ ಯಾಕೆ?"

ಭಾವ, ನಾನು ನಡುವೆ ನಿಂತವನು. ಎರಡು ಹಾಸುಗಲ್ಲಿನ ನಡುವೆ ಸಿಕ್ಕ ಬೆರಳಿನ ಪಾಡು ನನ್ನದು. ಆದರೆ ಕೇಳುತ್ತೇನೆ, ಸುಮ್ಮನೆ ಕಮಾನಿನದು ಎಂದು ಬಿಡಬಾರದೇ? ಬಾಯಿ ಮಾತಿಗೇನು ಖರ್ಚು?

ನಿಮ್ಮಿಬ್ಬರ ಅಂಚೆಯವನಾದ
ಭಾಮೈದ

*

ಫೆಬ್ರವರಿ 21

ಭಾಮೈದನಿಗೆ,

ಸುಮ್ಮನೆ ಹೇಳುವುದಾಗಿದ್ದರೆ ಡಿಸೆಂಬರಿನಲ್ಲೇ ಹೇಳುತ್ತಿದ್ದೆ. ಕಮಾನು ಕಟ್ಟುವುದು ನನ್ನ ಹೊಟ್ಟೆಪಾಡು. ನನ್ನ ಕಮಾನಿನ ಮೇಲೆ ಲಾರಿಗಳು ಬೆಟ್ಟ ಹತ್ತುತ್ತವೆ. ಇಲ್ಲದ ತಪ್ಪನ್ನು ಇದೆಯೆಂದು ಸುಳ್ಳು ಹೇಳಿ ಅವಳನ್ನು ಕರೆತಂದರೆ, ಬಂದ ಮೇಲೆ ಆ ಸುಳ್ಳನ್ನು ಅವಳೇ ಹಿಡಿಯುತ್ತಾಳೆ. ನಿನ್ನ ಅಕ್ಕ ನಿನಗಿಂತ ನನಗೆ ಚೆನ್ನಾಗಿ ಗೊತ್ತು.

ನನ್ನ ಲೆಕ್ಕ ಕೇಳು. ಕಳೆದ ವರ್ಷ ಎಂಜಿನ್ ಬಲ ಮಾಡಿಸಿದ ಮೇಲೆ ಕಮಾನು ಹೊಸದಾಗಿ ಕಟ್ಟಿದೆ. ನಮ್ಮ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ನಾವಿಬ್ಬರೂ ಕೂತು ಎಷ್ಟೋ ಸಲ ಓಡಿಸಿ ನೋಡಿದೆವು. ನಾನು ಪಕ್ಕದಲ್ಲಿ ಕೂತಿದ್ದಾಗ ಒಂದು ಸಲವಾದರೂ ಕುಣಿಯಿತೇ? ಇಲ್ಲ. ಓಟದಲ್ಲಿ ಒಬ್ಬಳೇ ಹೋಗುತ್ತಾಳೆ, ಕುಣಿಯುತ್ತದೆ. ಕಾರು ಅದೇ, ಕಮಾನು ಅದೇ. ಬದಲಾಗಿದ್ದು ಏನು? ನಾನು ಪಕ್ಕದಲ್ಲಿದ್ದು "ಈಗ ಬಿಡು" ಅಂದರೆ ಸರಿಯಾಗಿ ಬಿಡುತ್ತಾಳೆ, ಇಲ್ಲದಿದ್ದರೆ ಗಾಬರಿಯಲ್ಲಿ ಬಿಡುತ್ತಾಳೆ. ಈ ಲೆಕ್ಕದಲ್ಲಿ ತಪ್ಪೇನಿದೆ ಹೇಳು.

ಆದರೂ ಇನ್ನೆರಡು ಕೆಲಸ ಹೇಳುತ್ತೇನೆ. ಆಕ್ಸಲಿನ ನಡುವಿನ ಗುಂಡುಕಲ್ಲಿನಂಥ ಭಾಗಕ್ಕೆ ಮುಂದೆ ಒಂದು ಮೂತಿ ಇದೆ. ಅದರ ನೇರ ಮೇಲೆ, ಕಾರಿನ ತಳಕ್ಕೆ ಗಟ್ಟಿ ರಬ್ಬರಿನ ದಪ್ಪ ತುಂಡೊಂದನ್ನು ಬೋಲ್ಟ್ ಮಾಡಿ. ಮೂತಿ ಮೇಲೇಳಲು ಹೊರಟರೆ ರಬ್ಬರು ತಡೆಯುತ್ತದೆ, ಕಮಾನು ತಿರುಚುವುದಿಲ್ಲ. ಹಳೆಯ ಲಾರಿ ಎಂಜಿನ್ನಿನ ಕೆಳಗಿನ ರಬ್ಬರು ಗುಜರಿಯಲ್ಲಿ ಸಿಗುತ್ತದೆ, ಅದನ್ನೇ ಕತ್ತರಿಸಿ. ಇನ್ನೊಂದು, ಬ್ಯಾಟರಿಯನ್ನು ಮುಂದಿನಿಂದ ತೆಗೆದು ಡಿಕ್ಕಿಯ ಬಲಮೂಲೆಗೆ ಹಾಕಿ. ಹಿಂದಿನ ಬಲಚಕ್ರ ಹೊರಡುವಾಗ ತಾನಾಗಿಯೇ ಹಗುರವಾಗುತ್ತದೆ, ಅದಕ್ಕೆ ಭಾರ ಬೇಕು.

ಮೇಲಿನ ಕೋಣೆಗೆ ಬೆಳಗಿನ ಬಿಸಿಲು ಬರುತ್ತದೆಯೇ? ಬಿಸಿಲಿಲ್ಲದಿದ್ದರೆ ಅವಳಿಗೆ ತಲೆನೋವು ಬರುತ್ತದೆ. ಕಿಟಕಿಯ ಪರದೆ ದಪ್ಪವಿದ್ದರೆ ತೆಗೆ. ದರ್ಜಿಯ ಮನೆ, ಪರದೆಗೇನು ಕೊರತೆ.

ಭಾವ

*

ಮಾರ್ಚ್ 19

ಭಾವನವರಿಗೆ,

ಪರದೆ ತೆಗೆದೆ. ಯಾಕೆ ತೆಗೆದೆ ಎಂದು ಅವಳು ಕೇಳಿದಳು, ಒಗೆಯಲು ಎಂದೆ. ನಂಬಲಿಲ್ಲ, ಬೈಯಲೂ ಇಲ್ಲ.

ರಬ್ಬರು ಹಾಕಿದ್ದಾಯಿತು, ಬ್ಯಾಟರಿ ಹಿಂದಕ್ಕೆ ಹೋಯಿತು. ಈ ತಿಂಗಳ ಓಟದಲ್ಲಿ ಕುಣಿತ ಮುಕ್ಕಾಲು ಪಾಲು ಕಡಿಮೆ. ನೀವು ನೋಡಿದ್ದರೆ ಸಂತೋಷಪಡುತ್ತಿದ್ದಿರಿ. ಆದರೆ ಹೊಸ ರಗಳೆಯೊಂದು ಹುಟ್ಟಿದೆ. ಹೊರಟ ಕೂಡಲೇ ಬಲಗಡೆ ಹಿಂಚಕ್ರ ಬುಸುಬುಸು ಹೊಗೆ ಬಿಡುತ್ತದೆ, ಕಾರು ಹಿಡಿತ ಸಿಗದೆ ಸೊಟ್ಟ ಹೋಗುತ್ತದೆ. ಅಕ್ಕ ಸ್ಟೀರಿಂಗ್ ಹಿಡಿದು ಜಗ್ಗಾಡಬೇಕು. ಅಷ್ಟರಲ್ಲಿ ಪಕ್ಕದವರು ಮುಂದೆ. ಟೈರ್ ಅಂಗಡಿಯವನು ಬಂದು ಚಕ್ರ ಮುಟ್ಟಿ ನೋಡಿ, "ಎಡಗಡೇದು ತಣ್ಣಗಿದೆ, ಬಲಗಡೇದು ಸುಡ್ತಾ ಇದೆ. ಇದು ಕಾಲಿನ ಕೆಲಸ ಅಲ್ಲಮ್ಮ" ಎಂದ. ಇದನ್ನು ನಾನು ನಿಮಗೆ ಚುಚ್ಚಲು ಬರೆಯುತ್ತಿಲ್ಲ, ನಡೆದದ್ದು ಬರೆಯುತ್ತಿದ್ದೇನೆ.

ಮರುದಿನ ಅಂಗಡಿ ಬಾಗಿಲಲ್ಲಿ ಕೂತು ಗುಂಡಿ ಹಾಕುತ್ತಿದ್ದಾಗ ನನ್ನ ಕಣ್ಣು ಕಾರಿನ ಹಿಂಭಾಗದ ಮೇಲೆ ಬಿತ್ತು. ಯಾರೂ ಕೂತಿರಲಿಲ್ಲ. ಎಡ ಭುಜ ಎತ್ತರ, ಬಲ ಭುಜ ತಗ್ಗು. ಟೇಪ್ ಹಿಡಿದು ನೆಲದಿಂದ ಚಕ್ರದ ಮೇಲಿನ ಬಾಡಿಯ ಅಂಚಿನವರೆಗೆ ಅಳೆದೆ. ಎಡಗಡೆ ಒಂದೂಕಾಲು ಇಂಚು ಹೆಚ್ಚು. ಅಕ್ಕ ಕೂತ ಮೇಲೆ ಇನ್ನೂ ಸ್ವಲ್ಪ ಹೆಚ್ಚಾಯಿತು, ಅವಳು ಬಲಗಡೆ ಕೂರುವವಳಲ್ಲವೇ.

ನನ್ನ ಕಸುಬಿನಲ್ಲಿ ಅಂಗಿ ಹೀಗೆ ಒಂದು ಭುಜಕ್ಕೆ ಎದ್ದು ನಿಂತರೆ, ಬೇರೆ ಯಾರದೋ ಮೈ ಅಳತೆಗೆ ಹೊಲಿದದ್ದು ಎಂದು ಅರ್ಥ. ಕಾರಿಗೆ ಆ ಮಾತು ಸಲ್ಲುತ್ತದೋ ಇಲ್ಲವೋ ನನಗೆ ತಿಳಿಯದು.

ಭಾಮೈದ

*

ಏಪ್ರಿಲ್ 16

ಭಾಮೈದನಿಗೆ,

ಉತ್ತರ ತಡವಾಯಿತು. ಕೆಲಸ ಹೆಚ್ಚಿತ್ತು ಅಂತ ಬರೆದು ಆಮೇಲೆ ಹೊಡೆದು ಹಾಕಿದೆ. ಕೆಲಸ ಎಂದಿನಷ್ಟೇ ಇತ್ತು.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಟೇಪ್ ಹಿಡಿದ ಕೂಡಲೇ ಇವನು ನನಗೆ ಕಮಾನು ಹೇಳಿಕೊಡುತ್ತಾನೆ ಅಂದುಕೊಂಡೆ. ಆಮೇಲೆ ಬ್ಯಾಟರಿ ನೆನಪಾಯಿತು. ಬಲಚಕ್ರ ಹಗುರವಾಗುತ್ತದೆ, ಅದಕ್ಕೆ ಭಾರ ಕೊಡಿ ಅಂತ ನಾನೇ ಬರೆದಿದ್ದೆ. ಅದು ಗೊತ್ತಿದ್ದವನು ಎಡ ಕಮಾನಿಗೆ ಒಂದು ಅರ್ಧ ಪ್ಲೇಟನ್ನು ಹೆಚ್ಚು ಹಾಕಿದ್ದು ಯಾಕೆ?

ಹಾಕಿದ್ದು ನಿಜ. ಯಾಕೆಂದು ನೆನಪು ಮಾಡಿಕೊಳ್ಳಲು ಇಷ್ಟು ದಿನ ಬೇಕಾಯಿತು. ಲಾರಿಗೆ ಕಮಾನು ಕಟ್ಟುವವನು ಖಾಲಿ ಲಾರಿಯನ್ನು ಅಳೆಯುವುದಿಲ್ಲ. ಲೋಡ್ ಹಾಕಿಸಿ, ಎಲ್ಲಿ ಕುಸಿಯುತ್ತದೆಂದು ನೋಡಿ, ಅಲ್ಲಿಗೆ ಪ್ಲೇಟು ಕೊಡುತ್ತಾನೆ. ನಾನು ಕಲಿತದ್ದು ಅದೊಂದೇ. ಕಾರಿಗೂ ಅದನ್ನೇ ಮಾಡಿದೆ. ಇಬ್ಬರೂ ಕೂತು ಓಡಿಸಿ ನೋಡಿದಾಗ ಎಡಗಡೆ ಕುಸಿದಿತ್ತು. ಮನೆಗೆ ಬಂದು ಎಡಕ್ಕೆ ಪ್ಲೇಟು ಕೊಟ್ಟೆ. ಕುಸಿಯಿತು ಅಂದುಕೊಂಡದ್ದು ಕಾರಲ್ಲ. ಅದು ಎಡಗಡೆ ಕೂತಿದ್ದ ನನ್ನ ಭಾರ, ನಾನು ಅವಳಿಗಿಂತ ತೂಕ ಹೆಚ್ಚು. ನಾನು ಇಳಿದ ಮೇಲೆ ಎಡಮೂಲೆ ಎದ್ದು ನಿಲ್ಲುತ್ತದೆ, ಬಲಚಕ್ರ ನೆಲವನ್ನು ಸವರಿಕೊಂಡು ಹೋಗುತ್ತದೆ. ಓಟದಲ್ಲಿ ಪಕ್ಕದಲ್ಲಿ ಯಾರನ್ನೂ ಕೂರಿಸುವಂತಿಲ್ಲ. ಹಾಗಾಗಿ ನಾನಿದ್ದಾಗಲೆಲ್ಲ ಸರಿ, ಅವಳೊಬ್ಬಳೇ ಹೋದಾಗಲೆಲ್ಲ ಕುಣಿತ. ಇಷ್ಟು ದಿನ ಅದನ್ನೇ ಸಾಕ್ಷಿಯೆಂದು ಹಿಡಿದು ವಾದ ಮಾಡಿದೆ.

ಎಡ ಕಮಾನಿನಲ್ಲಿ ಕೆಳಗಿನಿಂದ ಎರಡನೆಯದು ಆ ಅರ್ಧ ಪ್ಲೇಟು. ಅದನ್ನು ಬಿಚ್ಚಿ ಬಲ ಕಮಾನಿಗೆ ಸೇರಿಸಿ. ಹೊಸದೇನೂ ಕೊಳ್ಳಬೇಕಿಲ್ಲ. ನಡುವಿನ ಬೋಲ್ಟ್ ಬಿಚ್ಚುವಾಗ ಕಮಾನನ್ನು ಕ್ಲ್ಯಾಂಪಿನಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಪ್ಲೇಟು ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಅವಳಿಗೆ ಗೊತ್ತಿದೆ, ನೀನು ದೂರ ನಿಲ್ಲು.

ತಪ್ಪು ಕಮಾನಿನದು. ಈ ಕಾಗದವನ್ನು ಅವಳಿಗೆ ಕೊಡು. ಮೇ ಓಟಕ್ಕೆ ಬರುತ್ತೇನೆ. ಅವಳು ಕಾರು ಹೊರಡಿಸುವ ಮೊದಲೇ ಹೇಳುತ್ತೇನೆ, ಗೆದ್ದ ಮೇಲೆ ಹೇಳಿದರೆ ಅದಕ್ಕೆ ಬೆಲೆಯಿರುವುದಿಲ್ಲ.

ಭಾವ

*

ಮೇ 21

ನಿನಗೆ,

ನಿನ್ನ ತಮ್ಮನ ಮೂಲಕ ಬರೆದು ಬರೆದು ಸಾಕಾಗಿದೆ. ಇದು ನೇರ ನಿನಗೇ.

ಭಾನುವಾರ ನಾನು ಹೇಳಿದ್ದನ್ನು ನೀನು ಕೇಳಿದೆ. "ಡಿಸೆಂಬರಲ್ಲಿ ನಾನು ಆಡಿದ್ದು ತಪ್ಪು. ಇವಳ ಕಾಲಿಂದಲ್ಲ, ಕಮಾನಿಂದು. ನನ್ನ ಭಾರ ಸೇರಿಸಿ ಕಟ್ಟಿಬಿಟ್ಟಿದ್ದೆ" ಎಂದೆ. ಗಡಿಯಾರದ ಮೇಷ್ಟ್ರು, "ಇನ್ನೊಂದ್ಸಲ ಹೇಳಿ, ನಂಗೆ ಕಿವಿ ಮಂದ" ಎಂದರು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಅವರ ಕಿವಿ ಚುರುಕಾಗಿಯೇ ಇದೆಯೆಂದು ಆಮೇಲೆ ಟೈರ್ ಅಂಗಡಿಯವನು ಹೇಳಿದ.

ಆಮೇಲೆ ನೀನು ಹೊರಟೆ. ಒಂದು ಚೂರೂ ಕುಣಿಯಲಿಲ್ಲ, ಸೊಟ್ಟ ಹೋಗಲಿಲ್ಲ. ಕೊನೆಯ ಸುತ್ತಿನಲ್ಲಿ ಆ ಹೊಸ ಕಾರಿನವನು ಮೂಗಿನಷ್ಟು ಮುಂದೆ ಹೋದ, ಅದು ಅವನ ಎಂಜಿನ್ನಿನ ಗೆಲುವು. ಹೊರಡುವುದರಲ್ಲಿ ನಿನಗೆ ಸರಿಸಾಟಿ ಅಲ್ಲಿ ಯಾರೂ ಇರಲಿಲ್ಲ. ಓಟ ಮುಗಿದ ಮೇಲೆ ಗೇಟಿನ ಹತ್ತಿರ ನಿಂತಿದ್ದೆ. ನೀನು ಕಾರನ್ನು ನಿನ್ನ ತಮ್ಮನ ಊರಿನ ಕಡೆಗೇ ತಿರುಗಿಸಿದೆ. ಕೊಟ್ಟ ಮಾತು ತಪ್ಪಿದೆ ಅಂತ ದೂರಲು ಬರೆಯುತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಯೋಚನೆ ಮಾಡಿದೆ. ನಾನು ಉತ್ತರ ಕೊಟ್ಟದ್ದು ಕಮಾನಿನ ಪ್ರಶ್ನೆಗೆ. ನಿನಗೆ ನೋವಾದದ್ದು ಆ ಗಾದೆಯಿಂದ, ಆ ನಗುವಿನಿಂದ. ಕಾಲಿನದೇ ತಪ್ಪಾಗಿದ್ದರೂ ನಾನು ಹಾಗೆ ಅನ್ನಬಾರದಿತ್ತು. ನಿನ್ನ ಕ್ಷಮೆ ಕೇಳುತ್ತೇನೆ.

ಇನ್ನೊಂದು ಹೇಳಬೇಕು. ಎಷ್ಟು ಓಟಗಳಿಗೆ ಬಂದರೂ ನನ್ನ ಕಣ್ಣು ಹಿಂಚಕ್ರದ ಮೇಲೇ ಇರುತ್ತಿತ್ತು. ಪಕ್ಕದಲ್ಲಿ ಕೂತಾಗ ಮೀಟರಿನ ಮುಳ್ಳಿನ ಮೇಲೆ. ಈ ಸಲ ಚಕ್ರದಲ್ಲಿ ನೋಡಲು ಏನೂ ಇರಲಿಲ್ಲ, ಅದು ತೆಪ್ಪಗೆ ನೆಲ ಕಚ್ಚಿಕೊಂಡಿತ್ತು. ಹಾಗಾಗಿ ನಿನ್ನನ್ನು ನೋಡಿದೆ. ದೀಪ ಬದಲಾಗುವ ಮೊದಲು ನೀನು ಕೆಳತುಟಿ ಕಚ್ಚಿ ಹಿಡಿಯುತ್ತೀಯ. ಹಸಿರು ಬಂದಾಗ ನಗುತ್ತೀಯ. ಎಂಟು ವರ್ಷ ಜೊತೆಯಲ್ಲಿ ಓಡಾಡಿ ಇದು ನನಗೆ ಗೊತ್ತೇ ಇರಲಿಲ್ಲ.

ಮನೆ ಬಿಕೋ ಅನ್ನುತ್ತಿದೆ. ಬರಲೇಬೇಕು ಅಂತ ಹೇಳುವ ಬಾಯಿ ನನಗಿಲ್ಲ. ಬಂದರೆ ಚೆನ್ನಾಗಿರುತ್ತದೆ.

ನಿನ್ನವನು

*

ಜೂನ್ 4

ನಿಮಗೆ,

ಕಾಗದ ಬಂತು. ಓದುತ್ತಿದ್ದಾಗ ತಮ್ಮ ಕತ್ತರಿ ಹಿಡಿದುಕೊಂಡು ಎದುರೇ ನಿಂತಿದ್ದ. "ಏನ್ ಬರ್ದಿದ್ದಾರೆ?" ಎಂದ. "ಕಾರಿನ ವಿಷ್ಯ" ಎಂದೆ. "ಕಾರಿನ ವಿಷ್ಯಕ್ಕೆ ಕಣ್ಣಲ್ಲಿ ನೀರ್ಯಾಕೆ?" ಎಂದ. ಹೋಗಿ ಹೊಲಿಗೆ ನೋಡು ಎಂದು ಗದರಿಸಿ ಕಳಿಸಿದೆ.

ಆ ದಿನ ಕಾರು ತಿರುಗಿಸಬೇಕೆಂದೇ ಗೇಟಿನವರೆಗೆ ಬಂದೆ. ನೀವು ನಿಂತಿದ್ದದ್ದನ್ನು ನೋಡಿದೆ, ಬಿಳಿ ಅಂಗಿ ಹಾಕಿದ್ದಿರಿ. ಆದರೂ ತಿರುಗಿಸಲು ಮನಸ್ಸಾಗಲಿಲ್ಲ. ವಾದದಲ್ಲಿ ಗೆದ್ದೆ ಎನ್ನುವ ಕಾರಣಕ್ಕೆ ಮನೆಗೆ ಬಂದರೆ, ಇನ್ನೊಂದು ವಾದದಲ್ಲಿ ಸೋತ ದಿನ ಮತ್ತೆ ಹೊರಗೆ ಹೋಗಬೇಕಾಗುತ್ತದೆ. ನಾನೂ ಕೆಲವು ಸಲ ಸೋಲುವವಳೇ. ಸೋತ ದಿನವೂ ಅದು ನನ್ನ ಮನೆಯೇ ಎಂದು ನಿಮ್ಮಿಂದ ತಿಳಿಯಬೇಕಿತ್ತು. ಕಾಲಿನದೇ ತಪ್ಪಾಗಿದ್ದರೂ ಹಾಗೆ ಅನ್ನಬಾರದಿತ್ತು ಎಂದು ಬರೆದಿರಲ್ಲ, ಅಲ್ಲಿ ತಿಳಿಯಿತು.

ಮುಂದಿನ ಶನಿವಾರ ಬರುತ್ತೇನೆ. ಪಾರ್ಸೆಲ್ ಕಂಪನಿಯವರು ನಮ್ಮೂರಿನ ಶಾಖೆಗೆ ವರ್ಗ ಮಾಡಲು ಒಪ್ಪಿದ್ದಾರೆ. ಆ ಕೆಲಸ ಬಿಡುವುದಿಲ್ಲ, ಈಗಲೇ ಹೇಳಿರುತ್ತೇನೆ.

ಕಾರಿನ ವಿಷಯವೂ ಒಂದಿದೆ. ಭಾರ ಇಳಿಸಲೆಂದು ಎಡಗಡೆಯ ಮುಂದಿನ ಸೀಟನ್ನು ಬಿಚ್ಚಿಬಿಟ್ಟೆ. ತಮ್ಮ ಅದನ್ನು ಅಂಗಡಿಯಲ್ಲಿ ಗಿರಾಕಿಗಳಿಗೆ ಕೂರಲು ಹಾಕಿದ್ದಾನೆ, ವಾಪಸ್ ಕೊಡುವ ಲಕ್ಷಣವಿಲ್ಲ. ಹಾಗಾಗಿ ಇನ್ನು ನನ್ನ ಜೊತೆ ಬರುವುದಾದರೆ ನೀವು ಹಿಂದಿನ ಸೀಟಿನಲ್ಲಿ, ನಟ್ಟನಡುವೆ ಕೂರಬೇಕು. ಅಲ್ಲಿ ಕೂತರೆ ಎರಡು ಚಕ್ರಕ್ಕೂ ಸಮ ಭಾರ ಬೀಳುತ್ತದೆ, ಕಮಾನು ಮುಟ್ಟುವ ಅಗತ್ಯವಿಲ್ಲ. ಗೇರು ನಿಮ್ಮ ಕೈಗೆ ಎಟುಕುವುದಿಲ್ಲ, ಮೀಟರೂ ಕಾಣುವುದಿಲ್ಲ. ನನಗೆ ಮಾತ್ರ ಕನ್ನಡಿಯಲ್ಲಿ ನಿಮ್ಮ ಮುಖ ಪೂರ್ತಿ ಕಾಣುತ್ತದೆ. ನಾನೂ ಸರಿಯಾಗಿ ನೋಡಿ ಬಹಳ ದಿನವಾಯಿತು.

ಬರುತ್ತಿರುವವಳು